ಎಕ್ಸ್‌ಎಂಎಲ್ ಪಟ್ಟಿಯಿಂದ ಜಾಲಪುಟಕ್ಕೆ: ಸ್ಟೈಲ್‌ಶೀಟ್ ಬರೆಯುವ ಕ್ರಮ

ಮಾಹಿತಿಯ ಪ್ರತಿಯೊಂದು ತುಣುಕನ್ನೂ ಅದು ಏನೆಂದು ಹೇಳುವ ಟ್ಯಾಗ್‌ಗಳ ನಡುವೆ ಇರಿಸುವ ಎಕ್ಸ್‌ಎಂಎಲ್ ಎಂಬ ಬರವಣಿಗೆಯ ಕ್ರಮವು 1998ರ ಫೆಬ್ರವರಿಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂನ ಶಿಫಾರಸಾಗಿ ಪ್ರಕಟವಾಯಿತು. ಒಂದು ಪದ ಪುಸ್ತಕದ ಹೆಸರೋ ಲೇಖಕರ ಹೆಸರೋ ಎಂಬುದನ್ನು ಈ ಕ್ರಮ ತಿಳಿಸುತ್ತದೆಯೇ ಹೊರತು, ಅದು ಪರದೆಯ ಮೇಲೆ ಯಾವ ರೂಪದಲ್ಲಿ ಕಾಣಬೇಕೆಂಬುದನ್ನು ಹೇಳುವುದಿಲ್ಲ. ಆ ಕೆಲಸಕ್ಕೆಂದೇ ರೂಪುಗೊಂಡು, ಜೇಮ್ಸ್ ಕ್ಲಾರ್ಕ್ ಅವರ ಸಂಪಾದಕತ್ವದಲ್ಲಿ 1999ರ ನವೆಂಬರ್‌ನಲ್ಲಿ ಹೊರಬಂದ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಈ ಭಾಷೆಯಲ್ಲಿ ಬರೆದ ಕಡತಕ್ಕೆ ಸ್ಟೈಲ್‌ಶೀಟ್ ಎಂದೂ, ಅದನ್ನು ಓದಿ ಮಾಹಿತಿಯನ್ನು ಜಾಲಪುಟವಾಗಿ ಮಾರ್ಪಡಿಸುವ ತಂತ್ರಾಂಶಕ್ಕೆ ಪ್ರೊಸೆಸರ್ ಎಂದೂ ಹೆಸರು.

ಮೊದಲ ಹಂತ ಮಾಹಿತಿಯ ಕಡತವನ್ನು ಸಿದ್ಧಪಡಿಸುವುದು. ಎಕ್ಸ್‌ಎಂಎಲ್ ಯೂನಿಕೋಡ್ ಆಧಾರದ ಮೇಲೆ ನಿಂತಿರುವುದರಿಂದ ಟ್ಯಾಗ್‌ಗಳ ಹೆಸರುಗಳನ್ನೂ ಕನ್ನಡದಲ್ಲಿಯೇ ಇಡಬಹುದು ಎಂಬುದು ಹಲವರಿಗೆ ಹೊಸ ಸಂಗತಿಯಾಗಿರಬಹುದು. ಒಂದು ಚಿಕ್ಕ ಗ್ರಂಥಾಲಯದ ಪಟ್ಟಿ ಹೀಗಿರಬಹುದು:

<ಗ್ರಂಥಾಲಯ>
  <ಪುಸ್ತಕ>
    <ಹೆಸರು>ಸಂಸ್ಕಾರ</ಹೆಸರು>
    <ಲೇಖಕ>ಯು. ಆರ್. ಅನಂತಮೂರ್ತಿ</ಲೇಖಕ>
    <ವರ್ಷ>1965</ವರ್ಷ>
  </ಪುಸ್ತಕ>
  <ಪುಸ್ತಕ ಸ್ಥಿತಿ="ಎರವಲು">
    <ಹೆಸರು>ಮೂಕಜ್ಜಿಯ ಕನಸುಗಳು</ಹೆಸರು>
    <ಲೇಖಕ>ಶಿವರಾಮ ಕಾರಂತ</ಲೇಖಕ>
    <ವರ್ಷ>1968</ವರ್ಷ>
  </ಪುಸ್ತಕ>
</ಗ್ರಂಥಾಲಯ>

ತೆರೆದ ಪ್ರತಿ ಟ್ಯಾಗನ್ನೂ ಮುಚ್ಚಬೇಕು, ಇಡೀ ಕಡತಕ್ಕೆ ಒಂದೇ ಮೂಲ ಟ್ಯಾಗ್ ಇರಬೇಕು, ಕಡತವನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸಬೇಕು. ಕನ್ನಡದ ಟ್ಯಾಗ್‌ಗಳಿಗೆ ಇದರ ಜೊತೆಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅಕ್ಷರಗಳು ಕೂಡಿಕೊಳ್ಳದಂತೆ ತಡೆಯಲು ಕೀಲಿಮಣೆಯ ತಂತ್ರಾಂಶ ಸೇರಿಸುವ, ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ನೋಡಲು ಒಂದೇ ಆಗಿರುವ ಎರಡು ಹೆಸರುಗಳು ಪ್ರೊಸೆಸರ್‌ಗೆ ಬೇರೆ ಬೇರೆಯಾಗುತ್ತವೆ. ಆದ್ದರಿಂದ ಆ ಚಿಹ್ನೆ ಬೇಕಾಗದಂತಹ ಸರಳ ಪದಗಳನ್ನೇ ಆಯ್ದುಕೊಳ್ಳುವುದು ಕ್ಷೇಮ.

ಎರಡನೆಯ ಹಂತ ಸ್ಟೈಲ್‌ಶೀಟ್‌ನ ಚೌಕಟ್ಟು. ಇದೂ ಒಂದು ಎಕ್ಸ್‌ಎಂಎಲ್ ಕಡತವೇ. ಇದರ ಮೂಲ ಟ್ಯಾಗ್ 'ಎಕ್ಸ್‌ಎಸ್‌ಎಲ್:ಸ್ಟೈಲ್‌ಶೀಟ್'. ಭಾಷೆಯ ಇಂತಹ ಆದೇಶಗಳನ್ನು ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಕಡತದಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಮೂಲ ಟ್ಯಾಗ್‌ನಲ್ಲಿ ಆವೃತ್ತಿಯ ಸಂಖ್ಯೆಯನ್ನೂ, ಈ ಆದೇಶಗಳು ಯಾವ ಭಾಷೆಗೆ ಸೇರಿದವೆಂದು ಗುರುತಿಸುವ ನೇಮ್‌ಸ್ಪೇಸ್ ಎಂಬ ವಿಳಾಸವನ್ನೂ ಕೊಡಬೇಕು. ಭಾಷೆಯ ಎರಡನೆಯ ಆವೃತ್ತಿ 2007ರಲ್ಲಿ, ಮೂರನೆಯದು 2017ರಲ್ಲಿ ಬಂದರೂ ಆ ವಿಳಾಸದೊಳಗಿನ 1999 ಎಂಬ ಇಸವಿ ಬದಲಾಗಿಲ್ಲ. ಅದನ್ನು ಹೊಸದಾಗಿಸಲು ಹೊರಟವರ ಸ್ಟೈಲ್‌ಶೀಟ್ ಕೆಲಸ ಮಾಡುವುದಿಲ್ಲ.

ಈ ಚೌಕಟ್ಟಿನೊಳಗೆ ಏನನ್ನೂ ಬರೆಯದೆ ಒಮ್ಮೆ ಪ್ರೊಸೆಸರ್‌ಗೆ ಕೊಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಖಾಲಿ ಸ್ಟೈಲ್‌ಶೀಟ್ ಖಾಲಿ ಪುಟವನ್ನು ಕೊಡುವುದಿಲ್ಲ. ಹೆಸರು, ಲೇಖಕ, ವರ್ಷ ಎಲ್ಲವೂ ಟ್ಯಾಗ್ ಕಳಚಿಕೊಂಡು ಬರಿಯ ಪಠ್ಯವಾಗಿ ಹೊರಬರುತ್ತವೆ. ಟ್ಯಾಗ್ ಎದುರಾದರೆ ಅದರ ಒಳಹೊಕ್ಕು ನೋಡು, ಪಠ್ಯ ಎದುರಾದರೆ ನಕಲಿಸು ಎಂಬ ನಿಯಮಗಳು ಭಾಷೆಯಲ್ಲಿ ಮೊದಲೇ ಅಡಕವಾಗಿರುವುದೇ ಇದಕ್ಕೆ ಕಾರಣ. ಎಕ್ಸ್‌ಎಸ್‌ಎಲ್‌ಟಿಯ ಸ್ವಭಾವವೆಲ್ಲ ಇಲ್ಲಿದೆ. ಇತರ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೊದಲು ಇದು, ಆಮೇಲೆ ಅದು ಎಂದು ಆಜ್ಞೆಗಳ ಸಾಲು ಬರೆದರೆ, ಇಲ್ಲಿ ವ್ಯಾಕರಣದ ಸೂತ್ರಗಳಂತೆ, ಇಂಥದ್ದು ಎದುರಾದಾಗ ಹೀಗಾಗಲಿ ಎಂಬ ನಿಯಮಗಳನ್ನು ಬರೆಯಲಾಗುತ್ತದೆ. ಅವು ಕಡತದಲ್ಲಿ ಯಾವ ಕ್ರಮದಲ್ಲಿವೆ ಎಂಬುದು ಸಾಮಾನ್ಯವಾಗಿ ಮುಖ್ಯವಲ್ಲ.

ಮೂರನೆಯ ಹಂತದಲ್ಲಿ ಅಂತಹ ನಿಯಮಗಳನ್ನು, ಅಂದರೆ ಟೆಂಪ್ಲೇಟ್‌ಗಳನ್ನು, ಬರೆಯಬೇಕು. 'ಎಕ್ಸ್‌ಎಸ್‌ಎಲ್:ಟೆಂಪ್ಲೇಟ್' ಆದೇಶದ 'ಮ್ಯಾಚ್' ಎಂಬ ಗುಣದಲ್ಲಿ (ಪಟ್ಟಿಯಲ್ಲಿನ 'ಸ್ಥಿತಿ'ಯಂತೆ ಟ್ಯಾಗ್‌ನೊಳಗೇ ಬರೆಯುವ ವಿವರಕ್ಕೆ ಗುಣ ಎಂದು ಹೆಸರು) 'ಗ್ರಂಥಾಲಯ' ಎಂದು ಬರೆದು, ಅದರೊಳಗೆ ಜಾಲಪುಟದ ಶೀರ್ಷಿಕೆ, ಕೋಷ್ಟಕದ ಆರಂಭ ಮತ್ತು ಅಂತ್ಯವನ್ನು ಸಾಮಾನ್ಯ ಎಚ್‌ಟಿಎಂಎಲ್‌ನಲ್ಲಿ ಬರೆದು, ಕೋಷ್ಟಕದ ನಡುವೆ 'ಎಕ್ಸ್‌ಎಸ್‌ಎಲ್:ಅಪ್ಲೈ-ಟೆಂಪ್ಲೇಟ್ಸ್' ಎಂಬ ಒಂದು ಆದೇಶವನ್ನು ಇಡಬೇಕು. ಒಳಗಿನ ಪುಸ್ತಕಗಳಿಗೆ ಅವವುಗಳ ನಿಯಮ ಅನ್ವಯವಾಗಲಿ ಎಂಬುದು ಇದರ ಅರ್ಥ. ಬಳಿಕ 'ಪುಸ್ತಕ' ಎಂಬುದಕ್ಕೆ ಬೇರೊಂದು ಟೆಂಪ್ಲೇಟ್ ಬರೆದು, ಅದರಲ್ಲಿ ಕೋಷ್ಟಕದ ಒಂದು ಸಾಲನ್ನೂ, ಸಾಲಿನ ಪ್ರತಿ ಮನೆಯಲ್ಲಿ 'ಎಕ್ಸ್‌ಎಸ್‌ಎಲ್:ವ್ಯಾಲ್ಯೂ-ಆಫ್' ಆದೇಶದ ಮೂಲಕ ಹೆಸರು, ಲೇಖಕ, ವರ್ಷಗಳನ್ನೂ ಇರಿಸಬೇಕು. 'ಫಾರ್-ಈಚ್' ಎಂಬ ಆದೇಶದಿಂದ ಎಲ್ಲವನ್ನೂ ಒಂದೇ ಟೆಂಪ್ಲೇಟ್‌ನಲ್ಲಿ ತುರುಕುವುದು ಹೊಸಬರಿಗೆ ಸುಲಭವಾಗಿ ಕಂಡರೂ, ಪಟ್ಟಿ ಬೆಳೆದಂತೆ ಅಂತಹ ಸ್ಟೈಲ್‌ಶೀಟನ್ನು ತಿದ್ದುವುದು ತಲೆನೋವಾಗುತ್ತದೆ.

ನಿಯಮಗಳನ್ನು ಬಿಡಿಬಿಡಿಯಾಗಿ ಬರೆದುದರ ಲಾಭ ಅಪವಾದಗಳು ಬಂದಾಗ ತಿಳಿಯುತ್ತದೆ. ಎರವಲು ಹೋಗಿರುವ ಪುಸ್ತಕಗಳನ್ನು ಬೇರೆ ಬಣ್ಣದಲ್ಲಿ ತೋರಿಸಬೇಕಾದರೆ ಹಳೆಯ ಟೆಂಪ್ಲೇಟನ್ನು ಮುಟ್ಟಬೇಕಾಗಿಲ್ಲ; ಪುಸ್ತಕ[@ಸ್ಥಿತಿ='ಎರವಲು'] ಎಂಬುದಕ್ಕೆ ಹೊಸದೊಂದನ್ನು ಸೇರಿಸಿದರೆ ಸಾಕು. ಚೌಕಾವರಣದೊಳಗಿನದು ಷರತ್ತು, ಅದರ ಆರಂಭದ @ ಚಿಹ್ನೆ ಟ್ಯಾಗ್‌ನ ಗುಣವನ್ನು ಸೂಚಿಸುವಂಥದ್ದು. ಹೀಗೆ ಕಡತದೊಳಗಿನ ಜಾಗಗಳನ್ನು ತೋರಿಸುವ ಈ ಸಂಕೇತಭಾಷೆಗೆ ಎಕ್ಸ್‌ಪಾತ್ ಎಂದು ಹೆಸರು. ಸಾಮಾನ್ಯ ನಿಯಮವನ್ನು ವಿಶೇಷ ನಿಯಮ ಬಾಧಿಸುತ್ತದೆ ಎಂದು ವೈಯಾಕರಣರು ಹೇಳುವಂತೆ, ಷರತ್ತಿರುವ ಟೆಂಪ್ಲೇಟ್‌ಗೆ 0.5, ಬರಿಯ ಹೆಸರಿನದಕ್ಕೆ 0 ಎಂಬ ಆದ್ಯತೆಯನ್ನು ಭಾಷೆಯೇ ಗೊತ್ತುಪಡಿಸಿದೆ. ಷರತ್ತಿನಲ್ಲಿ 'ಕಿರಿದು' ಎಂಬ < ಚಿಹ್ನೆ ಬೇಕಾದರೆ ಅದನ್ನು ನೇರವಾಗಿ ಬರೆಯುವಂತಿಲ್ಲ, ಎಕ್ಸ್‌ಎಂಎಲ್‌ನಲ್ಲಿ ಅದಕ್ಕಿರುವ ಬದಲಿ ಸಂಕೇತವನ್ನೇ ಬಳಸಬೇಕು.

ನಾಲ್ಕನೆಯ ಹಂತ ಅಕಾರಾದಿ ವಿಂಗಡಣೆ. ಅಪ್ಲೈ-ಟೆಂಪ್ಲೇಟ್ಸ್ ಒಳಗೆ 'ಎಕ್ಸ್‌ಎಸ್‌ಎಲ್:ಸಾರ್ಟ್' ಇಟ್ಟು ಹೆಸರಿನ ಮೇಲೆ ವಿಂಗಡಿಸಲು ಹೇಳಿದರೆ ಪಟ್ಟಿ ಬಹುಮಟ್ಟಿಗೆ ಸರಿಯಾಗಿಯೇ ಬರುತ್ತದೆ, ಆದರೆ ಳಕಾರ ಕೈಕೊಡುತ್ತದೆ. ವರ್ಣಮಾಲೆಯಲ್ಲಿ ಕೊನೆಗೆ ಬರುವ ಳಕಾರವನ್ನು ಯೂನಿಕೋಡ್ ಲಕಾರದ ಪಕ್ಕದಲ್ಲಿ ಇರಿಸಿರುವುದರಿಂದ, ಬರಿಯ ಸಂಕೇತಕ್ರಮದಲ್ಲಿ ಹೋಲಿಸುವ ಪ್ರೊಸೆಸರ್ 'ಬೆವರು' ಎಂಬುದಕ್ಕಿಂತ ಮೊದಲು 'ಬೆಳಕು' ಎಂಬುದನ್ನು ಇಡುತ್ತದೆ. ಒಂದು ಅಕ್ಷರದ ಬದಲು ಇನ್ನೊಂದನ್ನು ಹಾಕುವ 'ಟ್ರಾನ್ಸ್‌ಲೇಟ್' ಎಂಬ ಫಂಕ್ಷನ್ ಇಲ್ಲಿ ನೆರವಿಗೆ ಬರುತ್ತದೆ: ಯೂನಿಕೋಡ್‌ನಲ್ಲಿ ಅವಗ್ರಹ ಚಿಹ್ನೆ ಹಕಾರದ ನಂತರ, ಕಾಗುಣಿತದ ಚಿಹ್ನೆಗಳಿಗಿಂತ ಮೊದಲು ಬರುವುದರಿಂದ, ವಿಂಗಡಣೆಯ ಮಟ್ಟಿಗೆ ಳ ಬದಲು ಽ ಎಂದು ಓದಿಕೊಳ್ಳುವಂತೆ ಮಾಡಿದರೆ ಳಕಾರ ತನ್ನ ಸ್ಥಾನಕ್ಕೆ ಮರಳುತ್ತದೆ. ಪುಟದಲ್ಲಿ ಅಚ್ಚಾಗುವ ಹೆಸರು ಇದರಿಂದ ಬದಲಾಗುವುದಿಲ್ಲ. ಇದೇ ಫಂಕ್ಷನ್‌ಗೆ 0123456789 ಮತ್ತು ೦೧೨೩೪೫೬೭೮೯ ಎಂಬ ಎರಡು ಸಾಲುಗಳನ್ನು ಕೊಟ್ಟರೆ ವರ್ಷಗಳು ಕನ್ನಡ ಅಂಕಿಗಳಲ್ಲಿ ಮೂಡುತ್ತವೆ.

ಕೊನೆಯ ಹಂತ ಪುಟವನ್ನು ಹೊರತೆಗೆಯುವುದು. 'ಎಕ್ಸ್‌ಎಸ್‌ಎಲ್:ಔಟ್‌ಪುಟ್' ಆದೇಶದಲ್ಲಿ ಎಚ್‌ಟಿಎಂಎಲ್ ಎಂದೂ ಯುಟಿಎಫ್-8 ಎಂದೂ ನಮೂದಿಸಬೇಕು. ಎರಡನೆಯದನ್ನು ಬಿಟ್ಟರೆ ಕೆಲವು ಪ್ರೊಸೆಸರ್‌ಗಳು ಪ್ರತಿ ಕನ್ನಡ ಅಕ್ಷರವನ್ನೂ ಅಂಕಿಗಳ ಸಂಕೇತವಾಗಿ ಬರೆಯುತ್ತವೆ, ಬ್ರೌಸರ್‌ನಲ್ಲಿ ಅದು ಸರಿಯಾಗಿ ಕಂಡರೂ ಕಡತವನ್ನು ಓದಿ ತಿದ್ದುವುದು ಅಸಾಧ್ಯವಾಗುತ್ತದೆ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಉಚಿತವಾಗಿದ್ದು, ಆದೇಶದ ಸಾಲಿನಲ್ಲಿ ಮೊದಲು ಸ್ಟೈಲ್‌ಶೀಟ್, ಅನಂತರ ಮಾಹಿತಿಯ ಕಡತದ ಹೆಸರನ್ನು ಕೊಟ್ಟರೆ ಕೆಲಸ ಮಾಡುತ್ತದೆ; ಅದಕ್ಕೆ ಮೊದಲ ಆವೃತ್ತಿಯ ಭಾಷೆ ಮಾತ್ರ ಗೊತ್ತು, ಹೊಸ ಆವೃತ್ತಿಗಳ ಸೌಲಭ್ಯ ಬೇಕಾದವರು ಮೈಕೆಲ್ ಕೇ ರೂಪಿಸಿದ ಸ್ಯಾಕ್ಸನ್ ಬಳಸಬೇಕು. ಎಕ್ಸ್‌ಎಂಎಲ್ ಕಡತದಲ್ಲಿಯೇ ಸ್ಟೈಲ್‌ಶೀಟ್‌ನ ಹೆಸರು ಸೂಚಿಸಿ ಮಾರ್ಪಾಟಿನ ಕೆಲಸವನ್ನು ಓದುಗರ ಬ್ರೌಸರ್‌ಗೇ ಬಿಡುವ ಪದ್ಧತಿಯೂ ಇದೆ. ಆದರೆ ಕ್ರೋಮ್ ತಂಡ ಈ ಬೆಂಬಲವನ್ನು ಹಿಂತೆಗೆಯುವ ಯೋಜನೆಯನ್ನು 2025ರಲ್ಲಿ ಪ್ರಕಟಿಸಿರುವುದರಿಂದ, ಪುಟವನ್ನು ಮುಂಚೆಯೇ ತಯಾರಿಸಿ, ಸಿದ್ಧವಾದ ಎಚ್‌ಟಿಎಂಎಲ್ ಕಡತವನ್ನಷ್ಟೇ ಜಾಲತಾಣಕ್ಕೆ ಏರಿಸಬೇಕು. ಹೊಸ ಪುಸ್ತಕ ಬಂದಾಗ ಪಟ್ಟಿಗೆ ಐದು ಸಾಲು ಸೇರಿಸಿ ಅದೇ ಆದೇಶವನ್ನು ಮತ್ತೊಮ್ಮೆ ಕೊಟ್ಟರಾಯಿತು.