ಲೇಸರ್ ಏಟಿಗೆ ಆವಿಯಾಗುವ ತಾಮ್ರ

ಲೇಸರ್‌ನಿಂದ ಲೋಹವನ್ನು ಆವಿಯಾಗಿಸುವ ವಿಜ್ಞಾನಕ್ಕೆ ಉಡುಪಿ ಬಳಿಯ ಮಣಿಪಾಲದಲ್ಲೊಂದು ಒಳ್ಳೆಯ ಉದಾಹರಣೆಯಿದೆ.

ಅಲ್ಲಿನ ಸಂಶೋಧಕರು ತಾಮ್ರದ ಮೇಲೆ 355 ನ್ಯಾನೋಮೀಟರ್ ತರಂಗಾಂತರದ, ಬರೀ 6 ನ್ಯಾನೋಸೆಕೆಂಡ್ ಅವಧಿಯ ಲೇಸರ್ ಮಿಡಿತಗಳನ್ನು ಹಾಯಿಸಿದರು. ತಾಮ್ರ ಕುದಿಯಲು ಸುಮಾರು 2,560 ಡಿಗ್ರಿ ಸೆಲ್ಸಿಯಸ್ ಬೇಕು. ಲೇಸರ್ ಬಿದ್ದ ಚುಕ್ಕೆಯಲ್ಲಿ ಲೋಹ ಆವಿಯಾಗಿ, ಪರಮಾಣುಗಳು ಎಲೆಕ್ಟ್ರಾನ್ ಕಳಚಿಕೊಂಡು ಪ್ಲಾಸ್ಮಾ ಹುಟ್ಟುತ್ತದೆ. ಅದರ ಬೆಳಕನ್ನು 300ರಿಂದ 2,000 ನ್ಯಾನೋಸೆಕೆಂಡ್‌ಗಳ ಅವಧಿಯಲ್ಲಿ ಸೆರೆಹಿಡಿದು ತಾಪವನ್ನೂ ಎಲೆಕ್ಟ್ರಾನ್ ಸಾಂದ್ರತೆಯನ್ನೂ ಲೆಕ್ಕ ಹಾಕಲಾಯಿತು. ಫಲಿತಾಂಶ 2010ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಅಕಾಡೆಮಿ ಇದೇ.

ಎಲೆಕ್ಟ್ರಾನ್ ಸಾಂದ್ರತೆಯ ಲೆಕ್ಕಕ್ಕೆ ಒದಗಿದ್ದು ಮೇಘನಾದ ಸಹಾ ಅವರ 1920ರ ಅಯಾನೀಕರಣ ಸಮೀಕರಣ. ಸೂರ್ಯ, ನಕ್ಷತ್ರಗಳ ಬೆಳಕನ್ನು ಅರಿಯಲು ಹುಟ್ಟಿದ ಸೂತ್ರ ತಾಮ್ರದ ತುಣುಕಿಗೂ ಒಗ್ಗುವುದು ನಿಜಕ್ಕೂ ಬೆರಗು.

ಇಂಥ ಲೇಸರ್ ಪ್ಲಾಸ್ಮಾಕ್ಕೆ ಬೈಜಿಕ ಸಮ್ಮಿಲನದ ಸಂಶೋಧನೆಯೊಂದಿಗೂ ನಂಟಿದೆ. ಡ್ಯೂಟೀರಿಯಂ, ಟ್ರಿಟಿಯಂ ತುಂಬಿದ ಇಂಧನ ಗುಳಿಗೆಯನ್ನು ಲೇಸರ್ ಬದಲು ಭಾರವಾದ ಅಯಾನುಗಳ ಪುಂಜದಿಂದ ಹಿಂಡುವ ಮಾರ್ಗವೂ ಸಂಶೋಧನೆಯಲ್ಲಿದೆ. ಆ ಅಯಾನುಗಳನ್ನು ಒದಗಿಸಬಲ್ಲ ಮೂಲಗಳಲ್ಲಿ ಲೇಸರ್ ಪ್ಲಾಸ್ಮಾ ಒಂದು.

ಲೇಸರ್ ಪ್ಲಾಸ್ಮಾದಿಂದ ಅಯಾನುಗಳು ಹೊರಬರುವ ಬಗೆಯನ್ನು ಕಂಪ್ಯೂಟರ್ ಮಾದರಿ ಹಂತಹಂತವಾಗಿ ಬಿಡಿಸುತ್ತದೆ. ಲೋಹದೊಳಗೆ ಶಾಖ ಹರಿಯುವುದಕ್ಕೆ ಒಂದು ಸಮೀಕರಣ, ಆವಿ ಹಿಗ್ಗುವುದಕ್ಕೆ ದ್ರವಚಲನಶಾಸ್ತ್ರ. ಅಧಿಕ ವೋಲ್ಟೇಜ್ ಅಯಾನುಗಳನ್ನು ಹೊರಸೆಳೆಯುವ ಹಂತದಲ್ಲಿ ‘ಪಾರ್ಟಿಕಲ್ ಇನ್ ಸೆಲ್’ ವಿಧಾನ ಕಣಗಳ ದಾರಿಯನ್ನೂ ವಿದ್ಯುತ್ ಕ್ಷೇತ್ರವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ.