ತೂತಿನ ಡಿಸ್ಕೋ, ತೂಕದ ಡಿಸ್ಕೋ?

ಪ್ರಶ್ನೆ: ನನ್ನ ಬಳಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇದೆ. ಆಗಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಟ್ರ್ಯಾಕ್ ಡೇಗೆಂದು ಹೋಗುತ್ತೇನೆ. ಕಳೆದ ಸಲ ಕೆಲವೇ ಸುತ್ತಿಗೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಯಿತು. ಊರಿಗೆ ಬಂದ ಮೇಲೆ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತಿದೆ. ಡಿಸ್ಕ್ ಬೆಂಡಾಗಿದೆ, ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ತೂತು ಕೊರೆದ ಡಿಸ್ಕ್ ಹಾಕಿಸು, ಬಿಸಿಯಾಗೋದಿಲ್ಲ ಎನ್ನುತ್ತಾರೆ ಗೆಳೆಯರು. ಯಾವುದು ಕೊಳ್ಳಲಿ? ಇದೇ ಕಾರಿನಲ್ಲಿ ಮನೆಯವರನ್ನು ಮಹದೇಶ್ವರ ಬೆಟ್ಟಕ್ಕೂ ಕರೆದೊಯ್ಯಬೇಕು.
— ಓದುಗರು, ಕೊಳ್ಳೇಗಾಲ

ಉತ್ತರ: ತೂತಿನ ಡಿಸ್ಕ್ ಬೇಡ. ಕಂಪನಿ ಅಳತೆಯ, ಒಳಗೆ ಗಾಳಿಸಂದು ಇರುವ, ಮೈ ನುಣುಪಾದ ಡಿಸ್ಕನ್ನೇ ಜೋಡಿಯಾಗಿ ಕೊಳ್ಳಿ. ಉಳಿದ ದುಡ್ಡನ್ನು ಪ್ಯಾಡ್‌ಗೂ ಬ್ರೇಕ್ ಆಯಿಲ್‌ಗೂ ಹಾಕಿ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಪೆಡಲ್ ಮೆತ್ತಗಾದದ್ದು ಹೆಚ್ಚಾಗಿ ಆಯಿಲ್ ಕುದಿದದ್ದರಿಂದ. ಸ್ಟೀರಿಂಗ್ ನಡುಗುವುದು ಡಿಸ್ಕಿನ ಮೈ ಸಮ ಇಲ್ಲದ್ದರಿಂದ. ತೂತು ಕೊರೆದರೆ ಎರಡೂ ವಾಸಿಯಾಗುವುದಿಲ್ಲ.

ಡಿಸ್ಕಿನ ಕೆಲಸ ಏನೆಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಕಾರು, ನೀವು, ಪೆಟ್ರೋಲು ಎಲ್ಲ ಸೇರಿ 1,200 ಕೆ.ಜಿ. ಇರಲಿ. ನೇರ ದಾರಿಯ ಕೊನೆಯಲ್ಲಿ ಗಂಟೆಗೆ 130 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಆ ಒಂದೇ ಒತ್ತಿಗೆ ಸುಮಾರು 615 ಕಿಲೋಜೂಲ್ ಶಾಖ ಹುಟ್ಟುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಅದರ ಮುಕ್ಕಾಲು ಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ. ಐದು ಕಿಲೋ ತೂಕದ ಎರಕದ ಡಿಸ್ಕ್ ಅಷ್ಟಕ್ಕೇ ಹೆಚ್ಚುಕಡಿಮೆ 95 ಡಿಗ್ರಿ ಏರಿಬಿಡುತ್ತದೆ. ಅದು ತಣಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಕರಿ ಸ್ಪೀಡ್‌ವೇ ಸುತ್ತು ಎರಡು ಕಿಲೋಮೀಟರ್ ಚಿಲ್ಲರೆ ಮಾತ್ರ. ಅಂಥ ಚಿಕ್ಕ ಸುತ್ತಿನಲ್ಲಿ ಬ್ರೇಕಿಗೆ ಉಸಿರಾಡಲು ಪುರುಸೊತ್ತೇ ಸಿಗುವುದಿಲ್ಲ. ತೆಳು ತಗಡಿನ ಕಾವಲಿಗೂ ದಪ್ಪ ಎರಕದ ಕಾವಲಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಿದೆ. ಇಲ್ಲೂ ಅಷ್ಟೇ. ಕಬ್ಬಿಣ ಹೆಚ್ಚಿದ್ದಷ್ಟೂ ಅದೇ ಶಾಖಕ್ಕೆ ಡಿಸ್ಕ್ ಕಾಯುವುದು ಕಡಿಮೆ. ತೂತು ಕೊರೆಯುವುದೆಂದರೆ ಆ ಕಬ್ಬಿಣವನ್ನೇ ತೆಗೆದುಹಾಕಿದಂತೆ.

ಹಾಗಿದ್ದರೆ ತೂತು ಯಾಕೆ ಬಂತು? ಹಿಂದಿನ ಪ್ಯಾಡುಗಳು ಕಾದಾಗ ಅನಿಲ ಬಿಡುತ್ತಿದ್ದವು. ಆ ಅನಿಲ ಪ್ಯಾಡಿಗೂ ಡಿಸ್ಕಿಗೂ ನಡುವೆ ನಿಂತು ಹಿಡಿತ ತಪ್ಪಿಸುತ್ತಿತ್ತು. ಅದು ಹೊರಹೋಗಲು ತೂತು ಮಾಡಿದರು. ಈಗಿನ ಪ್ಯಾಡುಗಳಲ್ಲಿ ಆ ಕಾಟ ಬಹಳ ಕಡಿಮೆ. ತೂತಿನ ಅಂಚು ಮಾತ್ರ ಕಾದು ತಣಿದು, ಕಾದು ತಣಿದು ಬಿರುಕು ಬಿಡುತ್ತದೆ. ಮಾಮೂಲಿ ಡಿಸ್ಕಿಗೆ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ತೂತು ಹೊಡೆದು ಮಾರುವ ಅಗ್ಗದ ಮಾಲಿನಲ್ಲಿ ಇದು ಇನ್ನೂ ಬೇಗ. ಪೋರ್ಷೆಯಂಥ ಕಾರುಗಳಲ್ಲಿ ತೂತಿನ ಡಿಸ್ಕ್ ಇರುತ್ತದಲ್ಲ ಎನ್ನಬಹುದು. ಅಲ್ಲಿ ಡಿಸ್ಕಿನ ಗಾತ್ರವೇ ಬೇರೆ, ಗಾಳಿ ಹಾಯಿಸುವ ಏರ್ಪಾಡೇ ಬೇರೆ. ಮೈಮೇಲೆ ಗೀರುಗಾಲುವೆ ತೆಗೆದ ಸ್ಲಾಟೆಡ್ ಡಿಸ್ಕ್ ತೂತಿನದಕ್ಕಿಂತ ವಾಸಿ, ಪ್ಯಾಡಿನ ಮೈಯನ್ನು ಸವರಿ ಹೊಸದಾಗಿ ಇಡುತ್ತದೆ. ಆದರೆ ಪ್ಯಾಡ್ ಬೇಗ ಸವೆಯುತ್ತದೆ, ಸದ್ದೂ ಇರುತ್ತದೆ. ನಿಮ್ಮ ಬಳಕೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲಿ ಡಿಸ್ಕ್ ಕೈಗೆ ತೆಗೆದುಕೊಂಡಾಗ ಮೊದಲು ತೂಕ ನೋಡಿ. ಒಂದೇ ಅಳತೆಯ ಎರಡು ಬ್ರ್ಯಾಂಡಿನ ಡಿಸ್ಕ್ ಸಿಕ್ಕರೆ ತಕ್ಕಡಿಗೆ ಹಾಕಿಸಿ, ನಾಚಿಕೆ ಬೇಡ. ಹಗುರದ್ದರಲ್ಲಿ ಕಬ್ಬಿಣ ಉಳಿಸಿದ್ದಾರೆ ಎಂದೇ ಅರ್ಥ. ಅಂಚಿನಲ್ಲಿ ಒಳಗಿನ ರೆಕ್ಕೆಗಳನ್ನು ನೋಡಿ. ಎರಡೂ ಬದಿಯ ಗೋಡೆ ಒಂದೇ ದಪ್ಪ ಇರಬೇಕು, ಎರಕದ ಮರಳು ಸಂದಿಯಲ್ಲಿ ಕೂತಿರಬಾರದು. ರೆಕ್ಕೆಗಳು ಬಾಗಿದ್ದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಡಿಸ್ಕ್ ಬರುತ್ತದೆ, ಅದಲು ಬದಲಾದರೆ ಗಾಳಿ ಸರಿಯಾಗಿ ಹಾಯುವುದಿಲ್ಲ. ಹೈ ಕಾರ್ಬನ್ ಎಂದು ನಮೂದಿಸಿದ ಡಿಸ್ಕ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಿ. ಅದರಲ್ಲಿ ಗ್ರಾಫೈಟ್ ಅಂಶ ಹೆಚ್ಚಿರುವುದರಿಂದ ಶಾಖ ಒಂದೇ ಕಡೆ ನಿಲ್ಲದೆ ಬೇಗ ಹರಡುತ್ತದೆ, ಬಿರುಕೂ ತಡವಾಗಿ ಬರುತ್ತದೆ. ಯುರೋಪಿನ ಆರ್ 90 ನಿಯಮದ ಇ ಗುರುತು ಇದ್ದರೆ ಇನ್ನೂ ಒಳ್ಳೆಯದು, ಬದಲಿ ಬಿಡಿಭಾಗ ಅಸಲಿಗೆ ಸಾಟಿಯಾಗಿದೆಯೇ ಎಂದು ಪರೀಕ್ಷಿಸಿ ಕೊಡುವ ಗುರುತು ಅದು.

ಹಳೆಯದನ್ನೇ ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ ಮಾಡಿಸಬಹುದಲ್ಲ ಎಂದು ಯಾರಾದರೂ ಹೇಳುತ್ತಾರೆ. ರಸ್ತೆಗಷ್ಟೇ ಆದರೆ ಆಗಬಹುದು, ಟ್ರ್ಯಾಕಿಗೆ ಬೇಡ. ಗಾಳಿಸಂದು ಬಿಟ್ಟು ಎರಡೂ ಗೋಡೆ ಸೇರಿ 16 ಮಿ.ಮೀ. ಇರುವ ಡಿಸ್ಕಿನಲ್ಲಿ 2 ಮಿ.ಮೀ. ಕೆತ್ತಿದರೆ ಶಾಖ ಹೊರುವ ಕಬ್ಬಿಣದಲ್ಲಿ ಎಂಟರಲ್ಲೊಂದು ಪಾಲು ಹೋಯಿತು. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಎಷ್ಟೆಂದು ಕೊರೆದಿರುತ್ತಾರೆ. ಅದಕ್ಕಿಂತ ಒಂದು ಕೂದಲೆಳೆ ಕಡಿಮೆಯಾದರೂ ಗುಜರಿಗೆ. ಅಳೆಯುವಾಗ ಮೈಕ್ರೋಮೀಟರ್ ಬಳಸಲಿ. ಸವೆದ ಡಿಸ್ಕಿನ ಅಂಚಿನಲ್ಲಿ ಏಣು ನಿಂತಿರುತ್ತದೆ, ವರ್ನಿಯರ್ ಅದರ ಮೇಲೆ ಕೂತು ಸುಳ್ಳು ಅಳತೆ ಕೊಡುತ್ತದೆ.

ಈಗ ನಡುಕದ ವಿಷಯ. ಡಿಸ್ಕ್ ಬೆಂಡಾಗಿದೆ ಎಂಬುದು ಎಲ್ಲ ಗ್ಯಾರೇಜಿನಲ್ಲೂ ಕೇಳುವ ಮಾತು. ನಿಜಕ್ಕೂ ಬಾಗುವುದು ಅಪರೂಪ. ಕಾದು ಕೆಂಡವಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಂತರೆ ಪ್ಯಾಡಿನ ವಸ್ತು ಅಲ್ಲೇ ಅಚ್ಚಾಗಿ ಅಂಟುತ್ತದೆ. ಮುಂದೆ ಪ್ರತಿ ಸುತ್ತಿಗೂ ಆ ಕಲೆ ಪ್ಯಾಡಿಗೆ ತಾಗಿ ಸ್ಟೀರಿಂಗ್ ನಡುಗುತ್ತದೆ. ಪಿಟ್‌ಗೆ ಬಂದವರು ಬ್ರೇಕ್ ಮೇಲೆ ಕಾಲಿಟ್ಟೇ ನಿಂತಾಗ ಆಗುವುದು ಇದೇ. ಇನ್ನೊಂದು ಕಾರಣ ಹಬ್ಬಿನ ಮೇಲಿನ ತುಕ್ಕು. ಡಿಸ್ಕ್ ಕೂರುವ ಜಾಗದಲ್ಲಿ ಕಾಗದದಷ್ಟು ತುಕ್ಕಿನ ಪದರ ಇದ್ದರೂ ಡಿಸ್ಕ್ ವಾಲಿ ಕೂರುತ್ತದೆ, ಹೊರ ಅಂಚಿಗೆ ಬರುವಾಗ ಆ ವಾಲು ದೊಡ್ಡದಾಗಿರುತ್ತದೆ. ಆದ್ದರಿಂದ ಹೊಸ ಡಿಸ್ಕ್ ಕೂರಿಸುವ ಮೊದಲು ವೈರ್ ಬ್ರಷ್‌ನಲ್ಲಿ ಹಬ್ ಉಜ್ಜಿಸಿ, ಲೋಹ ಬೆಳ್ಳಗೆ ಕಾಣಬೇಕು. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಲಿ. ಮುಳ್ಳು 0.05 ಮಿ.ಮೀ. ಒಳಗೆ ಆಡಿದರೆ ನೆಮ್ಮದಿ. ಈ ಕೆಲಸ ಅರ್ಧ ಗಂಟೆಯದು, ಆದರೆ ಬಹಳ ಕಡೆ ಮಾಡುವುದಿಲ್ಲ. ಎದುರು ನಿಂತು ಮಾಡಿಸಿಕೊಳ್ಳಿ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಕುಡಿಯುತ್ತದೆ. ಹೊಸ ಡಾಟ್ 4 ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆ. ಗುಳ್ಳೆ ಒತ್ತಡಕ್ಕೆ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಆಯಿಲ್ ಯಾವಾಗ ಬದಲಿಸಿದ್ದೋ ದೇವರಿಗೇ ಗೊತ್ತು. ಪ್ರತಿ ಟ್ರ್ಯಾಕ್ ಡೇಗೆ ಮೊದಲು ಹೊಸ ಆಯಿಲ್ ತುಂಬಿಸಿ ನಾಲ್ಕೂ ಚಕ್ರ ಬ್ಲೀಡಿಂಗ್ ಮಾಡಿಸಿ. ಡಾಟ್ 5.1 ಕೂಡ ಆಗುತ್ತದೆ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಬೇರೆಯದೇ, ಅದನ್ನು ಹಾಕಿಸಲೇಬೇಡಿ.

ಪ್ಯಾಡಿನ ಆಯ್ಕೆಯಲ್ಲಿ ನಮ್ಮ ರಸ್ತೆಗಳು ನೆನಪಿರಲಿ. ಅಪ್ಪಟ ರೇಸ್ ಪ್ಯಾಡ್ ಕಾದ ಮೇಲೆ ಮಾತ್ರ ಹಿಡಿಯುತ್ತದೆ. ಹನೂರು ದಾಟಿದರೆ ಸುಗ್ಗಿಯಲ್ಲಿ ಹುರುಳಿ, ರಾಗಿ ರಸ್ತೆ ಮೇಲೇ ಒಕ್ಕಣೆಗೆ ಬಿದ್ದಿರುತ್ತವೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಕಾಡುದಾರಿಯಲ್ಲಿ ತಿರುವು ಕಳೆದರೆ ಆನೆ ಎದುರಾಗಬಹುದು. ಅಲ್ಲಿ ತಣ್ಣಗಿರುವ ಪ್ಯಾಡ್ ಮೊದಲ ಒತ್ತಿಗೇ ಹಿಡಿಯಬೇಕು. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ಎಂದು ತಯಾರಾಗುವ ಪ್ಯಾಡ್ ಇವೆ, ಅವೇ ನಿಮಗೆ ಸರಿ. ಅಗಲದ ಡಿಸ್ಕ್, ಎರಡು ತುಂಡಿನ ಡಿಸ್ಕ್, ಕಾರ್ಬನ್ ಸೆರಾಮಿಕ್ ಇವೆಲ್ಲ ಈಗ ಬೇಡ. ಮುಂದಿನ ಡಿಸ್ಕ್ ಮಾತ್ರ ದೊಡ್ಡದಾದರೆ ಹಿಂದಿನ ಡ್ರಮ್ಮಿನ ಜೊತೆಗಿನ ಹೊಂದಾಣಿಕೆ ಕೆಡುತ್ತದೆ. ನಿಮ್ಮ ಕಾರಿಗೆ ಹಿಂದೆ ಡ್ರಮ್ ಇದೆ ಎಂಬುದನ್ನು ಮರೆಯದೆ ಅದರ ಲೈನರನ್ನೂ ತೆಗೆಸಿ ನೋಡಿ.

ಕೊಳ್ಳೇಗಾಲದವರಿಗೆ ಕೊಯಮತ್ತೂರು ಹೊಸ ಸಂಬಂಧವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಮ್ಮ ತಾಲ್ಲೂಕು ಇದ್ದದ್ದೇ ಕೊಯಮತ್ತೂರು ಜಿಲ್ಲೆಯಲ್ಲಿ. ಈಗಲೂ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ ಹಾದು ನೇರ ಅಲ್ಲಿಗೇ ಹೋಗುತ್ತದೆ. ಆದರೆ ಆಸನೂರು ಕಳೆದ ಮೇಲೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ನೀವು ಇಳಿಯಬೇಕು. ನೂರು ಮೀಟರ್ ಎತ್ತರ ಇಳಿದರೆ ನಿಮ್ಮ 1,200 ಕಿಲೋ ಕಾರಿನಲ್ಲಿ 1,170 ಕಿಲೋಜೂಲ್‌ಗೂ ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ಅಂದರೆ ಟ್ರ್ಯಾಕಿನ ಎರಡು ಜೋರು ಬ್ರೇಕಿಗೆ ಸಮ. ಎಂಜಿನ್ ಹೊರದಿದ್ದರೆ ಅಷ್ಟನ್ನೂ ಡಿಸ್ಕ್ ಮತ್ತು ಡ್ರಮ್ಮೇ ಹೊರಬೇಕು. ಹತ್ತಿದ ಗೇರಿನಲ್ಲೇ ಇಳಿ ಎಂಬ ಹಳೆ ಡ್ರೈವರುಗಳ ಮಾತು ಅದಕ್ಕೇ ಬಂದದ್ದು. ಆಟೊಮ್ಯಾಟಿಕ್ ಎಂದು ಡಿಯಲ್ಲೇ ಬಿಡಬೇಡಿ, ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ಇಳಿಯಿರಿ. ಮಹದೇಶ್ವರ ಬೆಟ್ಟದಿಂದ ತಾಳಬೆಟ್ಟಕ್ಕೆ ಇಳಿಯುವಾಗಲೂ ಇದೇ ಕ್ರಮ. ಕೆಳಗೆ ಬಂದ ಕೂಡಲೇ ಚಕ್ರಕ್ಕೆ ನೀರು ಸುರಿಯುವವರನ್ನು ಕಂಡಿದ್ದೇನೆ, ಕಾದ ಎರಕಕ್ಕೆ ಅದು ಬಿರುಕಿನ ಆಹ್ವಾನ.

ಟ್ರ್ಯಾಕಿನಲ್ಲಿ ನಾಲ್ಕೈದು ಬಿರುಸಿನ ಸುತ್ತು ಆದ ಮೇಲೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನಕ್ಕೆ ಬನ್ನಿ. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಟ್ಟೆ ಕೊಡಿ. ಊರಿಗೆ ಹೊರಡುವ ಮೊದಲು ಟಾರ್ಚ್ ಹಿಡಿದು ಎರಡೂ ಡಿಸ್ಕ್ ನೋಡಿ. ಮೈಮೇಲೆ ಕೂದಲಿನಂಥ ಗೆರೆ ಇದ್ದರೆ ಹೆದರಬೇಕಿಲ್ಲ. ಗೆರೆ ಉಗುರಿಗೆ ತಾಗಿದರೆ, ಅಥವಾ ಹೊರ ಅಂಚು ಮುಟ್ಟಿದ್ದರೆ, ಆ ಡಿಸ್ಕಿನಲ್ಲಿ ಮನೆಯವರನ್ನು ಕೂರಿಸಬೇಡಿ.

ಕೊನೆಯದಾಗಿ ಒಂದು ವಿನಂತಿ. ಹೊಸ ಡಿಸ್ಕ್, ಹೊಸ ಪ್ಯಾಡ್ ಒಂದಕ್ಕೊಂದು ಒಗ್ಗಲು ಹಂತಹಂತವಾಗಿ ಬ್ರೇಕ್ ಹಾಕಿ ಕಾಯಿಸಿ ತಣಿಸಬೇಕು. ಅದನ್ನು ದಿಂಬಂ ಇಳಿಜಾರಿನಲ್ಲೂ ಮಾಡಬೇಡಿ, ಬೆಟ್ಟದ ಜಾತ್ರೆ ದಾರಿಯಲ್ಲೂ ಮಾಡಬೇಡಿ. ಟ್ರ್ಯಾಕ್ ಡೇಗೆ ಒಂದು ವಾರ ಮೊದಲೇ ಡಿಸ್ಕ್ ಹಾಕಿಸಿ, ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟು ರಸ್ತೆಯಲ್ಲಿ ಬೆಳಗಿನ ಹೊತ್ತು ಒಗ್ಗಿಸಿಕೊಂಡು, ಆಮೇಲೆ ಹೊರಡಿ.