ಪ್ರಿಡೇಟರ್: ರಾಣೆಬೆನ್ನೂರಿನ ತೋಳ, ಬ್ಯಾಡಗಿಯ ಗುಲಗಂಜಿ ಹುಳು

ಪ್ರಶ್ನೆಪತ್ರಿಕೆಯಲ್ಲಿ ‘ಪ್ರಿಡೇಟರ್’ ಕಂಡೊಡನೆ ಹಲವರು ‘ಮಾಂಸಾಹಾರಿ’ ಎಂಬ ಆಯ್ಕೆಗೆ ಗುರುತು ಹಾಕುತ್ತಾರೆ. ಅದು ಅರ್ಧ ಸತ್ಯ. ಜೀವಂತ ಪ್ರಾಣಿಯನ್ನು ಹಿಡಿದು ಕೊಂದು ತಿನ್ನುವುದೇ ಪರಭಕ್ಷಕದ ಲಕ್ಷಣ. ಇದಕ್ಕೆ ಪುರಾವೆ ಹಾವೇರಿ ಜಿಲ್ಲೆಯಲ್ಲೇ ಇದೆ. 1974ರಲ್ಲಿ ಘೋಷಣೆಯಾದ, 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ತೋಳ ಪರಭಕ್ಷಕ, ಕೃಷ್ಣಮೃಗ ಅದರ ಬೇಟೆ. ರಣಹದ್ದು ಕೂಡ ಮಾಂಸಾಹಾರಿಯೇ. ಆದರೆ ಸತ್ತದ್ದನ್ನೇ ಹುಡುಕಿ ತಿನ್ನುವುದರಿಂದ ಅದು ಸ್ಕ್ಯಾವೆಂಜರ್. ತೋಳವೂ ಸತ್ತ ಕುರಿಯನ್ನು ತಿನ್ನುತ್ತದಲ್ಲ ಎಂದು ಆಕ್ಷೇಪಿಸಬಹುದು. ತಿನ್ನುತ್ತದೆ, ಸಿಕ್ಕರೆ ಬಿಡುವುದಿಲ್ಲ. ಆದರೂ ಅದರ ಮುಖ್ಯ ಜೀವನೋಪಾಯ ಬೇಟೆಯಾದ್ದರಿಂದ ವರ್ಗ ಬದಲಾಗದು.

ಗಾತ್ರವೂ ಇಲ್ಲಿ ಲೆಕ್ಕಕ್ಕಿಲ್ಲ. 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗಿಡದ ಮೇಲೆ ಸಸ್ಯಹೇನುಗಳನ್ನು ಒಂದೊಂದಾಗಿ ಮುಗಿಸುವ ಗುಲಗಂಜಿ ಹುಳುವೂ ತೋಳದಷ್ಟೇ ಪ್ರಿಡೇಟರ್. ಹೇನಿನ ಮೈಯೊಳಗೆ ಮೊಟ್ಟೆಯಿಡುವ ಪುಟ್ಟ ಕಣಜ ಮಾತ್ರ ಪ್ಯಾರಾಸಿಟಾಯ್ಡ್. ಅದರ ಮರಿ ಒಂದೇ ಹೇನಿನೊಳಗೆ ಬೆಳೆದು ಅದನ್ನು ಕೊಲ್ಲುತ್ತದೆ. ಪರೀಕ್ಷಕರಿಗೆ ಪ್ರಿಯವಾದ ವ್ಯತ್ಯಾಸವಿದು. ವಿಶೇಷಣ ರೂಪ ‘ಪ್ರಿಡೇಟರಿ’ ಮಾರುಕಟ್ಟೆಗೂ ಬಂದಿದೆ: 2002ರ ಸ್ಪರ್ಧಾ ಕಾಯ್ದೆಯ ‘ಪ್ರಿಡೇಟರಿ ಪ್ರೈಸ್’ ಎಂದರೆ ಎದುರಾಳಿಗಳನ್ನು ಹೊರದಬ್ಬಲು ವೆಚ್ಚಕ್ಕಿಂತ ಕಡಿಮೆಗೆ ಮಾರುವ ಬೆಲೆ.